ಅವರೆಲ್ಲ ಡಾಕ್ಟ್ರೇ ಕಣವ್ವ

ಹಳೆಯ ನೂಲಿನ ಸೀರೆ ಹರಿಯುವುದಕ್ಕೂ ಒಂದು ಹದವಿದೆ. ಮೊದಲು ಅಂಚನ್ನು ಕತ್ತರಿಯಿಂದ ಬೇರೆ ಮಾಡಬೇಕು, ಏಕೆಂದರೆ ಅಂಚಿನ ಗಡಸು ಎಳೆ ಮಗುವಿನ ತೊಡೆಗೆ ಒತ್ತುತ್ತದೆ. ಆಮೇಲೆ ಮೈಯ ಬಟ್ಟೆಗೆ ಹಲ್ಲಿನಿಂದ ಒಂದು ಸಣ್ಣ ಕಚ್ಚು ಕೊಟ್ಟು, ಎರಡು ಕೈಯಲ್ಲೂ ಹಿಡಿದು ಒಂದೇ ಸಲ ಎಳೆದರೆ, ಎಷ್ಟೋ ವರ್ಷ ಒಗೆದು ಒಗೆದು ಮೆತ್ತಗಾದ ಬಟ್ಟೆ ಯಾವ ತಕರಾರೂ ಇಲ್ಲದೆ ನೇರವಾಗಿ ಬಿಟ್ಟುಕೊಳ್ಳುತ್ತದೆ. ನನ್ನ ಮೊಮ್ಮಗಳು ಹುಟ್ಟಿದಂದಿನಿಂದ ನನ್ನ ಪೆಟ್ಟಿಗೆಯಲ್ಲಿದ್ದ ಸೀರೆಗಳೆಲ್ಲ ಹೀಗೆ ಒಂದೊಂದಾಗಿ ಅವಳ ಹಾಸಿಗೆಗೆ ಇಳಿಯುತ್ತಿವೆ. ನನ್ನ ಯಜಮಾನರು ಬದುಕಿದ್ದಾಗ ತಂದುಕೊಟ್ಟಿದ್ದ ಕೆಂಪು ಚೌಕಳಿಯ ಸೀರೆಯನ್ನೂ ಮೊನ್ನೆ ಹರಿದಾಗ ಪಕ್ಕದ ಮನೆಯಾಕೆ, "ಅಯ್ಯೋ, ಅದೂ ಓಯ್ತೇನವ್ವಾ!" ಎಂದು ಕೆನ್ನೆಗೆ ಕೈಕೊಟ್ಟಳು. ಹೋಗಲಿ ಬಿಡಿ. ಅದರ ಮೇಲೆ ಅಂಗಾತ ಮಲಗಿ, ತನ್ನ ಕಾಲ್ಬೆರಳನ್ನು ತಾನೇ ಹಿಡಿದು, ಇದು ಯಾರದ್ದು ಎನ್ನುವಂತೆ ಹುಬ್ಬು ಗಂಟಿಕ್ಕಿ ನೋಡುವ ಆ ಮುಖವನ್ನು ಕಂಡ ಮೇಲೆ, ಪೆಟ್ಟಿಗೆ ಖಾಲಿಯಾಯಿತೆಂದು ಅಳುವ ಅಜ್ಜಿ ಎಲ್ಲಾದರೂ ಇದ್ದಾಳೆಯೆ? ಈಗ ಬೋರಲು ಬೀಳುತ್ತಾಳೆ. ಬಿದ್ದ ಮೇಲೆ ತಲೆಯೆತ್ತಿ ಸುತ್ತ ನೋಡಿ, ಎಲ್ಲರೂ ನೋಡಿದರೋ ಇಲ್ಲವೋ ಎಂದು ವಿಚಾರಿಸಿಕೊಂಡು ನಗುತ್ತಾಳೆ. ನಾನಂತೂ ದಿನಕ್ಕೆ ಹತ್ತು ಸಲ ನೋಡುತ್ತೇನೆ, ಹತ್ತು ಸಲವೂ ಮೊದಲ ಸಲದಂತೆ ಕೂಗುತ್ತೇನೆ.

ಇಷ್ಟು ಸಂತೋಷವಿರುವವಳು ಕಹಿಯನ್ನೇಕೆ ಬರೆಯುತ್ತಾಳೆ ಎಂದು ನೀವು ಕೇಳಬಹುದು. ನಾನು ಬಾಗೂರಿನ ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಓದಿದವಳು. ಆಮೇಲೆ ಓದಿದ್ದೆಲ್ಲ ಅಂಗಡಿಯ ಪೊಟ್ಟಣದ ಕಾಗದ, ಆಸ್ಪತ್ರೆಯ ಮಂಚಕ್ಕೆ ತೂಗುಹಾಕಿದ ಚೀಟಿ, ನರ್ಸಮ್ಮನವರು ಓದಿ ಎಸೆದ ವಾರಪತ್ರಿಕೆ. ಬರೆಯುವುದು ನನ್ನ ಕಸುಬಲ್ಲ. ಆದರೆ ಬಟ್ಟೆ ಹರಿಯುತ್ತ ಕೂತಾಗ ಕೈಗೆ ಕೆಲಸವಿರುತ್ತದೆ, ಮನಸ್ಸಿಗೆ ಇರುವುದಿಲ್ಲ. ಆಗ ಮನಸ್ಸು ತಾನಾಗಿ ಎದ್ದು ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಸೀರೆ ಮುಟ್ಟಿದರೆ ಸೆರಗು ನೆನಪಾಗುತ್ತದೆ. ಸೆರಗು ನೆನಪಾದರೆ, ಅದನ್ನು ನಾನು ಎಷ್ಟು ಹೆಂಗಸರ ಮುಖದ ಮೇಲೆ ಎಳೆದಿದ್ದೇನೆ ಎಂಬುದು ನೆನಪಾಗುತ್ತದೆ.

ಯಜಮಾನರು ತೀರಿಕೊಂಡ ಮೇಲೆ, ನಯಾಪೈಸೆ ಬಂದ ಹೊಸದರಲ್ಲಿ, ನಾನು ನಮ್ಮ ಸೀಮೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಅಲ್ಲಿಯ ಉಪ್ಪು ಇನ್ನೂ ತಿನ್ನುತ್ತಿದ್ದೇನೆ. ಹಾಸನದ ಕಡೆಯಿಂದ, ದಂಡಿಗನಹಳ್ಳಿಯ ಕಡೆಯಿಂದ, ಹೊಳೆನರಸೀಪುರ, ಅರಕಲಗೂಡಿನ ಒಳಹಳ್ಳಿಗಳಿಂದ ಬಸುರಿಯರು ಬಸ್ಸಿನಲ್ಲಿಯೋ ಗಾಡಿಯಲ್ಲಿಯೋ ಬರುತ್ತಿದ್ದರು. ನೆಲ ಸಾರಿಸುವುದು, ಬಟ್ಟೆ ಬೇಯಿಸುವುದು, ನೋವು ತಿನ್ನುವವರ ಬೆನ್ನು ನೀವುವುದು ನನ್ನ ಕೆಲಸ. ಇದರ ಜೊತೆಗೆ ರಬ್ಬರಿನ ಗ್ಲೌಸುಗಳ ಪಾಲನೆ. ಉಪಯೋಗಿಸಿದ್ದನ್ನು ತೊಳೆದು, ಒಂದೊಂದಕ್ಕೂ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು, ಎಲ್ಲಾದರೂ ತೂತಿದ್ದು ತಣ್ಣಗೆ ಉಸಿರು ಬಿಡುತ್ತದೆಯೇ ಎಂದು ನೋಡಿ, ಹಗ್ಗಕ್ಕೆ ಹಾಕಿ ಒಣಗಿಸಿ, ಪೌಡರು ಹಚ್ಚಿ ಜೊತೆ ಮಾಡಿ ಇಡಬೇಕು. ಹಗ್ಗದ ಮೇಲೆ ಸಾಲಾಗಿ ತೂಗುವ ಆ ಕೈಗಳನ್ನು ನೋಡಿದರೆ ಮೊದಮೊದಲು ನನಗೆ ಹೆದರಿಕೆಯಾಗುತ್ತಿತ್ತು. ಆಮೇಲೆ ಅವು ಹಪ್ಪಳ ಸಂಡಿಗೆಯಷ್ಟೇ ಸಲೀಸಾದವು. ಅಭ್ಯಾಸ ಎನ್ನುವುದು ದೊಡ್ಡ ಉಪಕಾರಿ, ದೊಡ್ಡ ಪಾಪಿ.

ನಾನು ಸೇರಿ ಎರಡು ವರ್ಷಕ್ಕೆ ದೂರದ ಕಾಲೇಜಿನಿಂದ ಡಾಕ್ಟರಿಕೆ ಓದುವ ಹುಡುಗರು ಬರತೊಡಗಿದರು. ಆರು ಆರು ಜನದ ಒಂದು ತಂಡ. ಅದಕ್ಕೆ ಬ್ಯಾಚು ಎಂದು ಹೆಸರು. ಅವರ ಪರೀಕ್ಷೆಗೆ ಇಷ್ಟು ಹೆರಿಗೆ ಕಂಡಿರಬೇಕು, ಇಷ್ಟು ಹೆರಿಗೆ ಕೈಯಾರೆ ಮಾಡಿಸಿರಬೇಕು, ಅದನ್ನೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದು ದೊಡ್ಡ ಡಾಕ್ಟರಮ್ಮನವರ ರುಜು ಹಾಕಿಸಿಕೊಂಡಿರಬೇಕು ಎಂದು ನಿಯಮ. ಕಾಲೇಜಿನ ಊರಿನಲ್ಲಿ ಹುಡುಗರು ಹೆಚ್ಚು, ಬಸುರಿಯರು ಕಡಿಮೆ. ನಮ್ಮಲ್ಲಿ ಬಸುರಿಯರಿಗೇನು ಬರ? ಬೆಳಿಗ್ಗೆ ಹತ್ತರ ಸುಮಾರಿಗೆ ಬಿಳಿಯ ಕೋಟು ತೊಟ್ಟು, ಡಾಕ್ಟರಮ್ಮನವರ ಹಿಂದೆ ಸಾಲಾಗಿ ಬಂದು, ಒಬ್ಬಳ ಮಂಚದ ಸುತ್ತ ನಿಂತುಬಿಡುತ್ತಿದ್ದರು. ಮೊದಲು ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ, ಬೆನ್ನು ಎಲ್ಲಿದೆ ಎಂದು ಹೇಳಬೇಕು. ಆಮೇಲೆ ತುತ್ತೂರಿಯಂಥ ಮರದ ಕೊಳವೆಯನ್ನು ಹೊಟ್ಟೆಗೆ ಇಟ್ಟು, ಅದಕ್ಕೆ ಕಿವಿಗೊಟ್ಟು ಮಗುವಿನ ಎದೆಬಡಿತ ಎಣಿಸಬೇಕು. ಆಮೇಲೆ ಗ್ಲೌಸು ತೊಟ್ಟು ಒಳಗಿನ ಪರೀಕ್ಷೆ. ಒಬ್ಬನಾದ ಮೇಲೆ ಒಬ್ಬ. ಆರು ಜನವೂ.

ಹಳ್ಳಿಯ ಹೆಣ್ಣುಮಗಳು. ಗಂಡನ ಎದುರಿಗೂ ದೀಪ ಸಣ್ಣದು ಮಾಡುವವಳು. ಹಾಡಹಗಲಿನಲ್ಲಿ, ಕಿಟಕಿ ತೆರೆದ ಬೆಳಕಿನಲ್ಲಿ, ಆರು ಜನ ಗಂಡು ಹುಡುಗರ ನಡುವೆ ಮೊಣಕಾಲು ಮಡಿಸು ಎಂದರೆ ಹೇಗೆ ಮಡಿಸಿಯಾಳು? ಆಗ ಡಾಕ್ಟರಮ್ಮ ತಲೆ ಎತ್ತದೆ, "ಆಯಾ" ಎನ್ನುತ್ತಿದ್ದರು. ಅಷ್ಟೇ. ನಾನು ಮಂಚದ ತಲೆಯ ಕಡೆಗೆ ಹೋಗಿ, ಆಕೆಯ ಸೆರಗನ್ನೇ ಎಳೆದು ಮುಖ ಮುಚ್ಚಿ, ಕಿವಿಯ ಹತ್ತಿರ ಬಗ್ಗಿ, "ಸುಮ್ಕಿರವ್ವ, ಅವರೆಲ್ಲ ಡಾಕ್ಟ್ರೇ ಕಣವ್ವ" ಎನ್ನುತ್ತಿದ್ದೆ. ಮಂತ್ರ ಹಾಕಿದಂತೆ ಮೊಣಕಾಲು ಸಡಿಲವಾಗುತ್ತಿತ್ತು. "ಆಯಾ ಇಲ್ಲದಿದ್ದರೆ ಪಾಠವೇ ನಡೆಯೋಲ್ಲ ನೋಡಿ" ಎಂದು ಡಾಕ್ಟರಮ್ಮ ಒಮ್ಮೆ ಹುಡುಗರೆದುರು ಹೇಳಿದರು. ಆ ದಿನವೆಲ್ಲ ನಾನು ನೆಲಕ್ಕೆ ಕಾಲು ತಾಗದಂತೆ ಓಡಾಡಿದೆ.

ಮುಖ ಮುಚ್ಚುವುದರಲ್ಲಿ ಎಂಥ ಉಪಾಯವಿದೆ ನೋಡಿ. ಮುಚ್ಚಿಕೊಂಡವಳಿಗೆ, ನಾನು ಯಾರೆಂದು ಇವರಿಗೆ ಗೊತ್ತಾಗಲಿಲ್ಲ, ಆದ್ದರಿಂದ ಇದು ನನಗೆ ಆಗುತ್ತಿಲ್ಲ ಎಂಬ ಸಮಾಧಾನ. ನಿಂತು ನೋಡುವ ಹುಡುಗನಿಗೆ, ಕಣ್ಣು ಕಾಣದಿದ್ದರೆ ನಾಚಿಕೆಯಿಲ್ಲ. ಮುಚ್ಚಿದ ನನಗೆ, ಅವಳ ಮಾನ ಉಳಿಸಿದೆನೆಂಬ ಜಂಬ. ಹೀಗೆ ಮೂರು ಜನರೂ ಒಂದೇ ಸೆರಗಿನ ಕೆಳಗೆ ಮುಖ ಅಡಗಿಸಿಕೊಂಡು ಎಷ್ಟೋ ವರ್ಷ ಪಾಠ ಸಾಗಿಸಿದೆವು. ಆ ವರ್ಷಗಳಲ್ಲಿ ನಾನು ಬೆನ್ನು ನೀವಿದ ಹೆಂಗಸರ ಮುಖ ಇಂದು ಕಣ್ಣಮುಂದೆ ತಂದುಕೊಳ್ಳೋಣವೆಂದರೆ ಬರುವುದು ಬರೀ ಸೀರೆಯ ಬಣ್ಣ: ಹಸಿರು ಕಡ್ಡಿಯದು, ಕಾಫಿಪುಡಿ ಬಣ್ಣದ್ದು, ಒಗೆದು ಬಣ್ಣವೇ ಹೋದದ್ದು.

ಹುಡುಗರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಒಂದಿಬ್ಬರು ಹಲ್ಲುಕಿರಿಯುವವರಿದ್ದರು, ಅಂಥವರು ಎಲ್ಲಿಲ್ಲ? ಉಳಿದವರು ಪಾಪ, ನಮ್ಮ ಮನೆಯ ಹುಡುಗರ ಹಾಗೆ ಬೆವರುತ್ತಿದ್ದರು. ಕಲಿಯದೆ ಡಾಕ್ಟರಾಗಲು ಬಂದೀತೆ? ಕಲಿಯುವುದಾದರೆ ಯಾರದ್ದಾದರೂ ಮೈಯ ಮೇಲೆಯೇ ಕಲಿಯಬೇಕು. ಇದು ನನಗೂ ಗೊತ್ತು. ನನ್ನ ಗಂಟಲಿಗೆ ಅಡ್ಡ ಕೂತಿರುವುದು ಬೇರೆ ಮಾತು. ನಮ್ಮ ಜನರಲ್ ವಾರ್ಡಿನ ಆಚೆ ಪರದೆ ಕಟ್ಟಿದ ಎರಡು ಕೋಣೆಗಳಿದ್ದವು. ಜಮೀನುದಾರರ ಮನೆಯವರಿಗೆ, ಅಂಗಡಿ ಸಾಹುಕಾರರ ಮನೆಯವರಿಗೆ. ಅಲ್ಲಿಯೂ ಹೆಂಗಸರು ಹೆರುತ್ತಿದ್ದರು, ನಮ್ಮವರ ಹಾಗೆಯೇ ಕೂಗುತ್ತಿದ್ದರು. ಬ್ಯಾಚು ಒಂದು ದಿನವೂ ಆ ಪರದೆ ಸರಿಸಿದ್ದನ್ನು ನಾನು ಕಾಣೆ. ಹೀಗೆ ನಮ್ಮವರ ಮೈಯ ಮೇಲೆ ಕಲಿತವರಾದರೂ ನಮ್ಮೂರುಗಳಿಗೆ ಬಂದರೋ? ಕಲಿತ ಕೈಗಳು ದೊಡ್ಡ ದೊಡ್ಡ ಊರುಗಳಲ್ಲಿ ಬೋರ್ಡು ಹಾಕಿಕೊಂಡವು. ಕಲಿಸಿದವರು ಮುಂದಿನ ಬಸುರಿಗೂ ಗಾಡಿ ಕಟ್ಟಿಕೊಂಡು ಬಂದು, ಮುಂದಿನ ಬ್ಯಾಚಿಗೆ ಮೊಣಕಾಲು ಮಡಿಸಿದರು.

ಈಗ ನನ್ನ ಮಗಳು ಗೌರಿಯ ವಿಷಯಕ್ಕೆ ಬರುತ್ತೇನೆ. ಹರದನಹಳ್ಳಿಗೆ ಕೊಟ್ಟಿದ್ದೆವು. ಮೊದಲ ಹೆರಿಗೆ ಊರಿನಲ್ಲೇ ಆಯಿತು. ಎರಡು ದಿನ ನೋವು ತಿಂದಳು, ಮಗು ಅಳಲಿಲ್ಲ. ನಾನು ಸುದ್ದಿ ತಿಳಿದು ಹೋಗುವ ಹೊತ್ತಿಗೆ ಎಲ್ಲ ಮುಗಿದು, ಹಾಲು ಬತ್ತಲೆಂದು ಅವಳ ಎದೆಗೆ ಮಲ್ಲಿಗೆ ಹೂ ಅರೆದು ಕಟ್ಟಿದ್ದರು. ಎರಡನೆಯ ಸಲ ಬಸುರಿಯಾದಾಗ ನಾನು ಬೀಗರ ಎದುರು ಗಟ್ಟಿಯಾಗಿ ಹೇಳಿದೆ: "ಈ ಸಲ ನಮ್ಮಾಸ್ಪತ್ರೇಲೇ ಆಗ್ಬೇಕು. ನಾನಿದ್ದೀನಿ, ನೋಡ್ಕತೀನಿ." ನಾನಿದ್ದೀನಿ ಎಂದಾಗ ನನ್ನ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ.

ವಾರ್ಡಿನಲ್ಲಿ ಎರಡನೆಯ ಮಂಚ ಪೂರ್ವದ ಕಿಟಕಿಯ ಪಕ್ಕದಲ್ಲಿತ್ತು. ಬೆಳಕು ಚೆನ್ನಾಗಿ ಬೀಳುವುದರಿಂದ ಪಾಠವೆಲ್ಲ ಅಲ್ಲಿಯೇ. ಬೇರೆ ಮಂಚಗಳ ಹತ್ತಿರ ಡಾಕ್ಟರಮ್ಮ ನಿಲ್ಲುವುದು ಒಂದು ಉಸಿರಿನಷ್ಟು ಹೊತ್ತು; ಎರಡು ವಾರ್ಡಿಗೂ ಹೊರರೋಗಿಗಳಿಗೂ ಅವರೊಬ್ಬರೇ, ಪಾಪ ಅವರಾದರೂ ಎಷ್ಟೆಂದು ನೋಡಿಯಾರು? ಆದರೆ ಪಾಠದ ಮಂಚದ ಹತ್ತಿರ ಮುಕ್ಕಾಲು ಗಂಟೆ ನಿಲ್ಲುತ್ತಿದ್ದರು. ಅಲ್ಲಿ ಮಲಗಿದವಳ ಹೊಟ್ಟೆಯನ್ನು ಏಳು ಸಲ ನೋಡಿದಂತೆ, ಮಗುವಿನ ಎದೆಬಡಿತ ಏಳು ಸಲ ಕೇಳಿದಂತೆ. ಏನಾದರೂ ಎಡವಟ್ಟಿದ್ದರೆ ಸಿಕ್ಕೇ ಸಿಗುತ್ತಿತ್ತು. ಸಿಕ್ಕಿದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಗೌರಿಗೆ ನೋವು ಶುರುವಾಗಿ ಬೆಳಿಗ್ಗೆ ಅಳಿಯ ಕರೆತಂದಾಗ, ಎಂಟನೆಯ ಮಂಚ ಬರೆದಿದ್ದ ನರ್ಸಮ್ಮನವರನ್ನು ಕಾಡಿಬೇಡಿ ಎರಡಕ್ಕೆ ಬದಲಾಯಿಸಿಕೊಂಡೆ. ಅವಳು ನನ್ನ ಮಗಳೆಂದು ಡಾಕ್ಟರಮ್ಮನವರಿಗೆ ಹೇಳಲಿಲ್ಲ. ಹೇಳಿದರೆ ದಾಕ್ಷಿಣ್ಯಕ್ಕೆ ಬಿಟ್ಟುಬಿಟ್ಟಾರು, ಒಂದು ಉಸಿರು ನಿಂತು ಹೋಗಿಬಿಟ್ಟಾರು ಎಂದು ಹೆದರಿಕೆ. ಈ ಮಗುವಾದರೂ ಅಳಬೇಕಿತ್ತು ನನಗೆ. ಅದಕ್ಕೆ ತೆರಬೇಕಾದದ್ದನ್ನು ಗೌರಿಯ ಮೈಯಿಂದ ತೆಗೆದು ತೆತ್ತುಬಿಡಲು ನಿರ್ಧರಿಸಿದ್ದೆ. ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಹತ್ತು ಗಂಟೆಗೆ ಬಿಳಿ ಕೋಟುಗಳು ಬಂದವು. ಡಾಕ್ಟರಮ್ಮ ಚೀಟಿ ನೋಡಿ ಹುಡುಗರಿಗೆ ಹೇಳಿದರು: "ಎರಡನೇ ಬಸುರು. ಮೊದಲನೇದು ಸತ್ತು ಹುಟ್ಟಿದ್ದು. ಏಕೆ ಸತ್ತಿರಬಹುದು, ಒಬ್ಬೊಬ್ಬರಾಗಿ ಹೇಳಿ." ಹುಡುಗರು ಒಬ್ಬೊಬ್ಬರಾಗಿ ಹೇಳತೊಡಗಿದರು. ಗೌರಿ ಅವರ ಬಾಯಿಗಳನ್ನೇ ನೋಡುತ್ತಿದ್ದಳು. ಮೂರು ವರ್ಷದಿಂದ ತಾನು ಒಳಗೊಳಗೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಇವರು ಪುಸ್ತಕದಿಂದ ಉತ್ತರ ಆರಿಸಿ ಆರಿಸಿ ಎಸೆಯುತ್ತಿದ್ದಾರೆ. ಆಮೇಲೆ, "ಆಯಾ" ಎಂದರು ಡಾಕ್ಟರಮ್ಮ.

ನಾನು ಹೋದೆ. ಸೆರಗೆಳೆದು ಮುಚ್ಚಿದೆ. ಬಗ್ಗಿದೆ.

"ಸುಮ್ಕಿರು ಮಗ. ಅವರೆಲ್ಲ ಡಾಕ್ಟ್ರೇ ಕಣವ್ವ."

ಸೆರಗು ಒಂದು ಕ್ಷಣ ಉಸಿರಿಗೆ ಮೇಲೆ ಕೆಳಗೆ ಆಡಿತು. ಆಮೇಲೆ ಒಂದು ಕೈ ಬಂದು ಅದನ್ನು ಕಿತ್ತು ಪಕ್ಕಕ್ಕೆಸೆಯಿತು.

"ತೆಗಿಯವ್ವ ಇದ, ಉಸ್ರು ಕಟ್ತದೆ" ಎಂದಳು ಗೌರಿ. ಎಂದವಳೇ ಎದುರಿಗೆ ಗ್ಲೌಸು ತೊಡುತ್ತಿದ್ದ ಹುಡುಗನನ್ನು ನೋಡಿ, ಸಂತೆಯಲ್ಲಿ ನೆಂಟರನ್ನು ಮಾತಾಡಿಸಿದ ಹಾಗೆ, "ನಿನ್ ಎಸ್ರೇನಪ್ಪ?" ಎಂದಳು.

ಹುಡುಗ ಡಾಕ್ಟರಮ್ಮನವರ ಮುಖ ನೋಡಿದ. ಅವರು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. "ಶ್ರೀಕಂಠ" ಎಂದ ಮೆಲ್ಲಗೆ.

"ಯಾವೂರು?"

"ಹೊಳೆನರಸೀಪುರದ ಹತ್ರ."

"ಇಲ್ಲೇಯ! ನಮ್ಮೂರೂ ಆ ಕಡೇನೇ. ಮದ್ವೆ ಆಗೈತಾ?"

ಹಿಂದೆ ನಿಂತವರು ಕಿಸಕ್ಕೆಂದರು. ಹುಡುಗನ ಕಿವಿ ಕೆಂಪಾಯಿತು. "ಇಲ್ಲ" ಎಂದ.

"ನಿಮ್ಮವ್ವ ಅವ್ರಾ?"

"ಇದಾರೆ."

"ಅವ್ರಿಗೆ ಗೊತ್ತಾ, ನೀನಿಲ್ಲಿ ಯಾರ ಮ್ಯಾಲೆ ಕಲೀತಿದ್ದೀಯ ಅಂತ?" ಅಷ್ಟರಲ್ಲಿ ನೋವು ಬಂತು. ಗೌರಿ ಮಂಚದ ಕಬ್ಬಿಣ ಹಿಡಿದು ಹಲ್ಲು ಕಚ್ಚಿದಳು. ಎಲ್ಲರೂ ಕಾದರು. ನೋವು ಇಳಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿದಳು. "ನೀನು ಡಾಕ್ಟ್ರಾ?"

ಆ ಹುಡುಗ ಸುಳ್ಳು ಹೇಳಬಹುದಿತ್ತು. ನಾನೇ ಆಗತಾನೆ ಹೇಳಿಕೊಟ್ಟಿದ್ದೆನಲ್ಲ. "ಇನ್ನೂ ಇಲ್ಲಮ್ಮ. ಓದ್ತಾ ಇದೀನಿ" ಎಂದ.

ಗೌರಿ ನನ್ನ ಕಡೆ ಕತ್ತು ಹೊರಳಿಸಿದಳು. "ಕೇಳಿಸ್ಕಂಡ್ಯೇನವ್ವ?"

ಆಗ ಡಾಕ್ಟರಮ್ಮ ತಲೆ ಎತ್ತಿದರು. "ಏನು ಆಯಾ, ಇವಳು ನಿನ್ನ ಮಗಳಾ?" ಹೌದೆಂದು ತಲೆಯಾಡಿಸಿದೆ. "ಮೊದಲೇ ಹೇಳಬಾರದಾ? ನಮ್ಮ ಸ್ಟಾಫಿನ ಮನೆಯವರನ್ನ ನಾನು ಬ್ಯಾಚಿಗೆ ಕೊಡ್ತೀನಾ? ಒಳ್ಳೇ ಆಯಾ ನೀನು!" ಎಂದು ನಿಜವಾಗಿ ನೊಂದುಕೊಂಡೇ ಹೇಳಿ, "ಬನ್ನಿ, ಮೂರಕ್ಕೆ ಹೋಗೋಣ" ಎಂದು ತಿರುಗಿದರು.

ಇಷ್ಟೇ ಸಾಕಿತ್ತು. ಇಷ್ಟು ವರ್ಷವೂ ಇಷ್ಟೇ ಸಾಕಾಗುತ್ತಿತ್ತು. ಇವಳನ್ನು ಬಿಡಿ ಎಂದು ಹೇಳುವವರು ಒಬ್ಬರಿದ್ದರೆ ಬಿಡಬಹುದಾಗಿತ್ತು. ಮೂರನೆಯ ಮಂಚದಲ್ಲಿ ಅರಕಲಗೂಡಿನ ಕಡೆಯ ಒಂದು ಹೆಣ್ಣು ಮಲಗಿತ್ತು. ಅದರ ಅವ್ವ ವಾರ್ಡಿನ ಹೊರಗೆ ಹುಣಿಸೆಮರದ ಕೆಳಗೆ, ರಾಗಿ ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಒಳಗಿನಿಂದ ಬರುವ ಪ್ರತಿಯೊಂದು ಕೂಗಿಗೂ ಕತ್ತು ಉದ್ದ ಮಾಡುತ್ತ ಕೂತಿತ್ತು. ಅದಕ್ಕೆ ಒಳಗೆ ಬರುವ ಅಪ್ಪಣೆಯಿಲ್ಲ. ಮೂರನೆಯ ಮಂಚದವಳು ಇಷ್ಟು ಹೊತ್ತೂ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ಬಿಳಿ ಕೋಟುಗಳು ತನ್ನ ಕಡೆ ತಿರುಗಿದ್ದನ್ನು ಕಂಡು, ನಾನು ಹೋಗುವುದಕ್ಕೆ ಮೊದಲೇ, ತಾನೇ ಸೆರಗೆಳೆದು ಮುಖ ಮುಚ್ಚಿಕೊಂಡಳು.

"ಆಯಾ" ಎಂದರು ಡಾಕ್ಟರಮ್ಮ.

ನನ್ನ ಕಾಲುಗಳು ನನ್ನನ್ನು ಕೇಳದೆ ನಡೆದವು. ಸೊಂಟ ಬಗ್ಗಿತು. "ಸುಮ್ಕಿರವ್ವ, ಅವರೆಲ್ಲ ಡಾಕ್ಟ್ರೇ ಕಣವ್ವ" ಎಂದು ಬಾಯಿ ಹೇಳಿತು. ಎರಡು ಮಂಚಗಳ ನಡುವೆ ಒಂದು ಮೊಳ ಜಾಗ. ಗೌರಿ ಕೇಳಿಸಿಕೊಂಡಳು.

ಆಮೇಲೆ ನಡೆದದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಐದು ಜನ ಹುಡುಗರು ಆಕೆಯ ಹೊಟ್ಟೆ ಮುಟ್ಟಿ ತಲೆ ಕೆಳಗಿದೆ ಎಂದರು. ನರ್ಸಮ್ಮನವರೂ ಬೆಳಿಗ್ಗೆ ಹಾಗೆಯೇ ಬರೆದಿದ್ದರು. ಶ್ರೀಕಂಠನೆಂಬ ಆ ಹುಡುಗ ಮಾತ್ರ ತುಂಬ ಹೊತ್ತು ಮುಟ್ಟಿ, "ನನಗೆ ತಲೆ ಮೇಲೆ ಸಿಗ್ತಾ ಇದೆ ಮೇಡಂ" ಎಂದ. ಉಳಿದವರು ನಕ್ಕರು. ಡಾಕ್ಟರಮ್ಮ ತಾವೇ ಎರಡು ಸಲ ಮುಟ್ಟಿ ನೋಡಿದರು. ಆಮೇಲೆ, "ಇವನು ಹೇಳಿದ್ದೇ ಸರಿ" ಎಂದರು. ಮಗು ಕೂತುಬಿಟ್ಟಿತ್ತು, ಕುಂಡೆ ಮುಂದಾಗಿ ಬರುವಂಥದ್ದು. ಹುಡುಗನಿಗೆ ಗೊತ್ತಾಗದೆ ಹೋಗಿದ್ದರೆ ಏನಾಗುತ್ತಿತ್ತೋ. ಗೊತ್ತಾದ್ದರಿಂದ ಡಾಕ್ಟರಮ್ಮ ಆ ದಿನ ಆ ಮಂಚ ಬಿಟ್ಟು ಕದಲಲಿಲ್ಲ. ಮಧ್ಯಾಹ್ನ ಗಂಡು ಮಗು ಹುಟ್ಟಿತು, ತಡವಾಗಿಯಾದರೂ ಅತ್ತಿತು. ಪಾಠವೆನ್ನುವುದು ಬರೀ ಪಾಪವಾಗಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು!

ಇತ್ತ ಎರಡನೆಯ ಮಂಚದಲ್ಲಿ ಗೌರಿಯ ಹತ್ತಿರ ಇದ್ದವರು ಒಬ್ಬ ನರ್ಸಮ್ಮ ಮತ್ತು ನಾನು. ಅವಳ ಬೆನ್ನು ನೀವುತ್ತಿದ್ದೆ. ಎರಡು ನೋವುಗಳ ನಡುವೆ, ಗೋಡೆಯ ಕಡೆ ಮುಖ ಮಾಡಿಕೊಂಡೇ, ಅವಳು ಕೇಳಿದಳು:

"ಅವ್ವ, ಇದ ಎಷ್ಟ್ ಜನಕ್ಕೆ ಯೋಳಿದ್ದೀಯ?"

"ಏನ ಮಗ?"

"ಅದೇ. ಅವರೆಲ್ಲ ಡಾಕ್ಟ್ರೇ ಅಂತ."

ನಾನು ಬೆನ್ನು ನೀವುತ್ತಲೇ ಇದ್ದೆ. ಮುಂದಿನ ನೋವು ಬಂತು. ಮೂರು ಗಂಟೆಯ ಬಿಸಿಲು ಇನ್ನೊಂದು ಕಿಟಕಿಗೆ ಹೋಗಿದ್ದಾಗ ನನ್ನ ಮೊಮ್ಮಗಳು ಹುಟ್ಟಿದಳು. ಹುಟ್ಟಿ, ಏನು ಹೇಳಲಿ, ವಾರ್ಡೆಲ್ಲ ತಿರುಗಿ ನೋಡುವಂತೆ ಅತ್ತಳು! ನರ್ಸಮ್ಮ, "ಬಾಯಿ ನೋಡು ಇದರದ್ದು!" ಎಂದರು. ಆ ಬಾಯನ್ನು ನೋಡಿ ನಾನು ನಕ್ಕೆ, ಅತ್ತೆ, ಗೋಡೆಗೆ ಕೈಮುಗಿದೆ, ಅಳಿಯನಿಗೆ ಹೇಳಲು ಓಡಿ ನಡುದಾರಿಯಲ್ಲಿ ಏನು ಹೇಳಬೇಕೆಂಬುದೇ ಮರೆತು ಹಿಂದಕ್ಕೆ ಬಂದು ಇನ್ನೊಮ್ಮೆ ನೋಡಿಕೊಂಡು ಹೋದೆ. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಗೌರಿಯ ಪ್ರಶ್ನೆಯೂ ಇದೆ. ಎರಡೂ ಒಂದೇ ಕಿವಿಯಲ್ಲಿ ಹೇಗೆ ಬಾಳುವೆ ಮಾಡುತ್ತಿವೆಯೋ ನಾ ಕಾಣೆ.

ಗೌರಿ ಮತ್ತೆ ಆ ಮಾತು ಎತ್ತಲಿಲ್ಲ. ಬಾಣಂತನ ಮಾಡಿಸಿಕೊಂಡಳು, ನೀರು ಹಾಕಿಸಿಕೊಂಡಳು, ಮಗುವನ್ನು ನನ್ನ ಕೈಗೆ ಧಾರಾಳವಾಗಿ ಕೊಟ್ಟಳು. ಒಂದು ದಿನ ಮಾತ್ರ ಮಗುವಿನ ಕಣ್ಣಿಗೆ ಬಿಸಿಲು ಬೀಳುತ್ತದೆಂದು ನಾನು ಬಟ್ಟೆಯ ತುದಿಯನ್ನು ಮುಖದ ಮೇಲೆ ಎಳೆದಾಗ, ಒಳಗಿನಿಂದ ಬಂದು ಅದನ್ನು ತೆಗೆದು, ಮಗುವನ್ನೇ ಎತ್ತಿ ನೆರಳಿಗೆ ಮಲಗಿಸಿದಳು.

ನಾನು ತಿದ್ದಿಕೊಂಡೆನೇ ಎಂದು ಕೇಳುತ್ತೀರಾ? ಒಂದು ಸಲ ಪ್ರಯತ್ನಿಸಿದೆ. ಮುಂದಿನ ಬ್ಯಾಚು ಬಂದಾಗ, ಮಂಚದ ಮೇಲಿದ್ದ ಹೆಂಗಸಿನ ಕಿವಿಗೆ ಬಗ್ಗಿ, "ಇವ್ರು ಓದೋ ಹುಡುಗ್ರು ಕಣವ್ವ. ನೋಡ್ಲಾ, ಬ್ಯಾಡ್ವಾ?" ಎಂದೆ. "ಬ್ಯಾಡ" ಎಂದಳು ಆಕೆ, ಥಟ್ಟನೆ. ಇನ್ನೊಂದು ಮಂಚಕ್ಕೆ ಹೋದೆವು. "ಬ್ಯಾಡ ಕಣವ್ವ, ನಿನ್ ದಮ್ಮಯ್ಯ" ಎಂದಳು ಅವಳೂ. ಆ ದಿನ ಪಾಠ ನಡೆಯಲಿಲ್ಲ. ಡಾಕ್ಟರಮ್ಮ ನನ್ನನ್ನು ಗ್ಲೌಸು ಒಣಗಿಸುವ ಜಗಲಿಗೆ ಕರೆದು, ಬಯ್ಯದೆ, ಬೇಸತ್ತ ದನಿಯಲ್ಲಿ ಹೇಳಿದರು: "ಕೇಳಿದರೆ ಯಾರು ತಾನೇ ಹೂಂ ಅಂತಾರೆ ಆಯಾ? ಇವರು ಎಲ್ಲಿ ಕಲೀಬೇಕು, ಗೊಂಬೆ ಮೇಲಾ? ಮೂರನೇ ನಂಬರಿನವಳ ಮಗು ಹೇಗೆ ಉಳೀತು, ನೀನೇ ನೋಡಿದೆಯಲ್ಲ." ನೋಡಿದ್ದೆ. ಪರದೆ ಕಟ್ಟಿದ ಕೋಣೆಗಳ ಮಾತು ನಾಲಿಗೆಯ ತುದಿಗೆ ಬಂತು. ಕೆಲಸ ಮಾಡಿಕೊಂಡು ತಿನ್ನುವವಳು, ನುಂಗಿದೆ. ಮಾರನೆಯ ದಿನ "ಆಯಾ" ಎಂದಾಗ ನನ್ನ ಬಾಯಿ ಹಳೆಯ ದಾರಿಗೇ ಬಿತ್ತು. ಇಂದಿಗೂ ಅದೇ ದಾರಿಯಲ್ಲಿದೆ. ಒಂದು ಸಮಾಧಾನ ಮಾತ್ರ ಇಟ್ಟುಕೊಂಡಿದ್ದೆ: ಪಾಪ, ಆ ಹೆಂಗಸರು ನಂಬುತ್ತಾರೆ, ನಂಬಿದ್ದರಿಂದ ಅವರಿಗೆ ನೋವು ಕಡಿಮೆ, ಸುಳ್ಳಾದರೂ ಅದೊಂದು ಔಷಧಿ.

ಕಳೆದ ವಾರ ರಜ ಹಾಕಿ, ಸಂಜೆಯೊಳಗೆ ಬರುತ್ತೇನೆಂದು ಗೌರಿಗೆ ಹೇಳಿ, ಮೊಮ್ಮಗಳನ್ನು ನಮ್ಮಣ್ಣನಿಗೆ ತೋರಿಸಲೆಂದು ಎತ್ತಿಕೊಂಡು ಹೊರಟೆ. ಚನ್ನರಾಯಪಟ್ಟಣದ ಬಸ್ ಸ್ಟಾಂಡಿನಲ್ಲಿ ಬಾಗೂರಿನ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದೆ. ಮಗು ಕಿರಿಕಿರಿ ಮಾಡುತ್ತಿತ್ತು. "ಸುಮ್ಕಿರವ್ವ, ಸುಮ್ಕಿರು" ಎಂದು ತಟ್ಟುತ್ತಿದ್ದೆ. ಪಕ್ಕದಲ್ಲಿ ಒಂದು ಗಂಡು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಕಡೆ ತಿರುಗಿ ನೋಡಿ, ಮತ್ತೆ ನೋಡಿ, "ನೀವು ಆಸ್ಪತ್ರೆ ಆಯಮ್ಮ ಅಲ್ವಾ?" ಎಂದಳು. ನಾನು ಆಕೆಯ ಮುಖ ನೋಡಿದೆ. ನನಗೆ ಗುರುತು ಸಿಗಲಿಲ್ಲ.

"ನಿಮ್ಗೆಂಗೆ ಸಿಕ್ಕಾತು? ನನ್ ಮುಖ ಮುಚ್ಚಿತ್ತಲ್ಲ" ಎಂದು ನಕ್ಕಳು. "ನಿಮ್ ದನಿ ಮೇಲೆ ಯೋಳ್ದೆ. ನಾನು ಮೂರ್ನೇ ನಂಬ್ರು. ಇದು ನಿಮ್ಮ ಮಗಳ ಮಗೀನಾ? ಆವತ್ತೇ ಉಟ್ಟಿದ್ದು? ತನ್ನಿ ಇತ್ತಾಗೆ!" ತನ್ನ ಮಗನನ್ನು ಒಂದು ತೊಡೆಗೆ ಸರಿಸಿ ಇನ್ನೊಂದರ ಮೇಲೆ ನನ್ನ ಮೊಮ್ಮಗಳನ್ನು ಕೂರಿಸಿಕೊಂಡಳು. ಒಂದೇ ದಿನ ಹುಟ್ಟಿದ ಅವೆರಡೂ ಒಂದನ್ನೊಂದು ಅನುಮಾನದಿಂದ ನೋಡಿದವು. ಇವಳು ಅವನ ಮೂಗಿಗೆ ಕೈಹಾಕಿದಳು. ಇಬ್ಬರೂ ನಕ್ಕೆವು. ಆ ನಗುವಿನ ಸಲಿಗೆಯಲ್ಲಿ, ಬಹುದಿನದಿಂದ ಹೊತ್ತದ್ದನ್ನು ಇಳಿಸಿಬಿಡೋಣವೆನ್ನಿಸಿ, ನಾನು ಹೇಳಿಬಿಟ್ಟೆ:

"ಆವತ್ತು ನಿಂಗೆ ಸುಳ್ಳು ಯೋಳ್ದೆ ಕಣವ್ವ. ಅವ್ರು ಯಾರೂ ಡಾಕ್ಟ್ರಲ್ಲ. ಓದೋ ಹುಡುಗ್ರು."

ಆಕೆ ಮಗುವಿನ ಕೈಯಿಂದ ತನ್ನ ಮಗನ ಮೂಗು ಬಿಡಿಸುತ್ತಿದ್ದಳು.

"ನಂಗೊತ್ತಿತ್ತು" ಎಂದಳು.

"ಗೊತ್ತಿತ್ತಾ?"

"ಡಾಕ್ಟ್ರ ಕೈ ಅಂಗೆ ನಡುಗ್ತದಾ? ನಿಮ್ಮ ಮಗಳು ಕೇಳಿದ್ದೂ ಕಿವಿ ಮೇಲೆ ಬಿದ್ದಿತ್ತಲ್ಲ. ಎಲ್ರಿಗೂ ಗೊತ್ತು ಕಣವ್ವ, ನಮ್ಮೂರಲ್ಲಿ ಅಲ್ಲಿಗೆ ಓಗಿ ಬಂದೋರೆಲ್ಲ ಅಂಗೇ ಅಂತಾರೆ."

"ಮತ್ಯಾಕೆ ಸುಮ್ಕಿದ್ದೆ?"

ಆಕೆ ನನ್ನನ್ನು ನೋಡಿದಳು. ಅದೇನು ಕೋಪದ ನೋಟವಲ್ಲ. "ನೀವು ಯೋಳಿದ್ರಲ್ಲ" ಎಂದಳು. "ವಯಸ್ಸಾದೋರು, ತಲೆ ನೇವರಿಸ್ತಾ ಯೋಳಿದ್ರಿ. ಬ್ಯಾಡ ಅಂದ್ರೆ ನಿಮ್ಗೇನಾರ ತೊಂದ್ರೆ ಆದಾತು ಅಂತ ಸುಮ್ಕಾದೆ."

ಅರಕಲಗೂಡಿನ ಬಸ್ಸು ಬಂದು ನಿಂತಿತು. ಆಕೆ ನನ್ನ ಮೊಮ್ಮಗಳ ಕೆನ್ನೆಗೆ ದೃಷ್ಟಿ ನಿವಾಳಿಸಿ ನನ್ನ ಮಡಿಲಿಗೆ ಕೊಟ್ಟು, ಮಗನನ್ನು ಸೊಂಟಕ್ಕೇರಿಸಿ, ಚೀಲ ತೆಗೆದುಕೊಂಡು ಎದ್ದಳು. ನಾನೂ ಮಗುವನ್ನೆತ್ತಿಕೊಂಡು ಎದ್ದು, ನಾಲ್ಕು ಹೆಜ್ಜೆ ಅವಳ ಹಿಂದೆಯೇ ಹೋದೆ.

"ನಿನ್ ಎಸ್ರೇನವ್ವ?" ಎಂದೆ.

ಬಾಗಿಲ ಕಂಬಿ ಹಿಡಿದು ತಿರುಗಿದಳು.

"ಈಗ ಕೇಳ್ತಿದ್ದೀರಲ್ಲವ್ವ!" ಎಂದು ನಕ್ಕಳು, ನಕ್ಕವಳು ಹೇಳದೆಯೇ ಒಳಗೆ ಹೋಗಿ ಕೂತಳು.